ಮೊದಲ ಸ್ಥಾನದಿಂದ ಆರ್ಸೆನಲ್‌ಗೆ ಸಿಕ್ಕಿದ್ದು ಸುಲಭದ ಎದುರಾಳಿ ಅಲ್ಲ, ಸಮಯ

ಎಂಟು ಪಂದ್ಯ, ಎಂಟು ಗೆಲುವು, 24 ಅಂಕ. ಹೊಡೆದದ್ದು 23 ಗೋಲು, ಬಿಟ್ಟುಕೊಟ್ಟದ್ದು ನಾಲ್ಕೇ ನಾಲ್ಕು. ಯುರೋಪ್‌ನ ಕ್ಲಬ್ ಫುಟ್‌ಬಾಲ್ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ 2025-26ರ ಲೀಗ್ ಹಂತವನ್ನು ಲಂಡನ್ನಿನ ಆರ್ಸೆನಲ್ ಮುಗಿಸಿರುವುದು ಹೀಗೆ. 36 ತಂಡಗಳ ಹೊಸ ಪದ್ಧತಿ ಬಂದು ಇದು ಎರಡನೇ ವರ್ಷ. ಎಂಟಕ್ಕೆ ಎಂಟನ್ನೂ ಗೆದ್ದ ಮೊದಲ ತಂಡ ನಮ್ಮದು. ಎರಡನೇ ಸ್ಥಾನದಲ್ಲಿರುವ ಬಯರ್ನ್ ಮ್ಯೂನಿಕ್ 21 ಅಂಕ ಗಳಿಸಿದೆ. ಅದು ಸೋತ ಒಂದೇ ಒಂದು ಪಂದ್ಯ ನಮ್ಮ ತವರಾದ ಎಮಿರೇಟ್ಸ್ ಮೈದಾನದಲ್ಲಿ, ನಮ್ಮ ಎದುರು, 3-1ರಿಂದ.

ಅಭಿಮಾನಿಗಳು ಹಿಗ್ಗಬೇಕಾದ ಹೊತ್ತೇ ಇದು. ಆದರೆ ಈ ಹಿಗ್ಗಿನ ಜೊತೆಗೆ ಒಂದು ತಪ್ಪು ಲೆಕ್ಕವೂ ಹರಿದಾಡುತ್ತಿದೆ. ಮೊದಲ ಸ್ಥಾನ ಸಿಕ್ಕಿತು, ಇನ್ನು ಬುಡಾಪೆಸ್ಟ್‌ನ ಫೈನಲ್‌ವರೆಗೆ ದಾರಿ ಸಲೀಸು ಅನ್ನುವ ಲೆಕ್ಕ. ಮೊದಲ ಸ್ಥಾನದಿಂದ ಎದುರಾಳಿ ದುರ್ಬಲನಾಗುವುದಿಲ್ಲ. ಅದರಿಂದ ಬೇರೆ ಎರಡು ಲಾಭಗಳಿವೆ: ಫೆಬ್ರವರಿಯಲ್ಲಿ ಎರಡು ಪಂದ್ಯಗಳಷ್ಟು ಬಿಡುವು, ಮತ್ತು ಎರಡು ಪಂದ್ಯಗಳ ಮುಖಾಮುಖಿಯಲ್ಲಿ ಎರಡನೆಯದು, ಅಂದರೆ ಎರಡನೇ ಲೆಗ್, ತವರಿನಲ್ಲಿ. ಕಪ್ ಬರುವುದು ಬಿಡುವುದು ಆ ಬಿಡುವನ್ನು ಹೇಗೆ ಬಳಸುತ್ತೇವೆ ಅನ್ನುವುದರ ಮೇಲಿದೆ. ಹೋದ ವರ್ಷ ನಾವು ಸೆಮಿಫೈನಲ್‌ನಲ್ಲಿ ಯಾಕೆ ಸೋತೆವು ಅಂತ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ.

ಮೊದಲು ಪದ್ಧತಿಯನ್ನು ಚುಟುಕಾಗಿ ನೋಡೋಣ. 36 ತಂಡಗಳನ್ನು ಒಂಬತ್ತರಂತೆ ನಾಲ್ಕು ಗುಂಪು ಮಾಡುತ್ತಾರೆ. ಪ್ರತಿ ತಂಡಕ್ಕೂ ಒಂದೊಂದು ಗುಂಪಿನಿಂದ ಇಬ್ಬಿಬ್ಬರು ಎದುರಾಳಿಗಳು, ಒಬ್ಬರು ತವರಿನಲ್ಲಿ, ಇನ್ನೊಬ್ಬರು ಅವರ ಊರಿನಲ್ಲಿ. ಒಟ್ಟು ಎಂಟು ಪಂದ್ಯ, ಎಲ್ಲರಿಗೂ ಸೇರಿ ಒಂದೇ ಅಂಕಪಟ್ಟಿ. ಮೊದಲ ಎಂಟು ತಂಡಗಳು ನೇರ ಹದಿನಾರರ ಘಟ್ಟಕ್ಕೆ. 9ರಿಂದ 24ರವರೆಗಿನವರು ಪ್ಲೇಆಫ್‌ನಲ್ಲಿ ಎರಡೆರಡು ಪಂದ್ಯ ಆಡಿ ಒಳಗೆ ಬರಬೇಕು. 25ರಿಂದ ಕೆಳಗಿನವರ ಯುರೋಪ್ ಅಲ್ಲಿಗೇ ಮುಗಿಯಿತು. ಹಿಂದಿನಂತೆ ಯುರೋಪಾ ಲೀಗ್‌ಗೆ ಇಳಿಯುವ ಅವಕಾಶವೂ ಇಲ್ಲ. ಎರಡೂ ವರ್ಷ ಎಂಟನೇ ಸ್ಥಾನದ ತಂಡ ಮುಗಿಸಿದ್ದು 16 ಅಂಕಕ್ಕೆ. ಅಂದರೆ ಐದು ಗೆಲುವು, ಒಂದು ಡ್ರಾ.

ಅಂಕ ಸಮವಾದರೆ ಗೋಲು ವ್ಯತ್ಯಾಸ ನೋಡುತ್ತಾರೆ. ಇದು ಸಣ್ಣ ವಿಷಯವಲ್ಲ. 2024-25ರಲ್ಲಿ ಕ್ಲಬ್ ಬ್ರೂಜ್ ಮತ್ತು ಡಿನಾಮೊ ಜಾಗ್ರೆಬ್ ಎರಡೂ 11 ಅಂಕದಲ್ಲಿ ನಿಂತು, ಗೋಲು ವ್ಯತ್ಯಾಸದಿಂದ ಜಾಗ್ರೆಬ್ ಹೊರಬಿತ್ತು. ಎಮಿರೇಟ್ಸ್‌ನಲ್ಲಿ ನಮ್ಮ ಕೈಲಿ ತಿಂದ ಮೂರು ಗೋಲುಗಳ ಪಾಲೂ ಅದರಲ್ಲಿತ್ತು. ಈ ವರ್ಷ ಜನವರಿ 28ರ ರಾತ್ರಿ ಬೆನ್ಫಿಕಾದ ಗೋಲ್‌ಕೀಪರ್ ಟ್ರುಬಿನ್ ಕೊನೆಯ ಕ್ಷಣದಲ್ಲಿ ಎದುರಾಳಿಯ ಪೆನಾಲ್ಟಿ ಬಾಕ್ಸಿಗೆ ಓಡಿಬಂದು ರಿಯಲ್ ಮ್ಯಾಡ್ರಿಡ್ ವಿರುದ್ಧ ತಲೆಯಿಂದ ಗೋಲು ಹೊಡೆದದ್ದೂ ಇದೇ ಕಾರಣಕ್ಕೆ. ಅವರು ಆಗಲೇ 3-2ರಿಂದ ಗೆಲ್ಲುತ್ತಿದ್ದರು, ಆದರೂ 24ನೇ ಸ್ಥಾನಕ್ಕೆ ಇನ್ನೊಂದು ಗೋಲು ಬೇಕಿತ್ತು. ಆ 4-2 ಸೋಲಿನಿಂದ ಮ್ಯಾಡ್ರಿಡ್ ಒಂಬತ್ತನೇ ಸ್ಥಾನಕ್ಕೆ ಜಾರಿತು. ಈ ಜಾರುವಿಕೆಯ ಬಿಸಿ ನಮಗೂ ತಟ್ಟುತ್ತದೆ. ಹೇಗೆ ಅಂತ ನೋಡೋಣ.

ಮೊದಲ ಸ್ಥಾನದವನ ದಾರಿಯಲ್ಲಿ ಯಾರಿದ್ದಾರೆ

ಸೋತವರು ಹೊರಬೀಳುವ ನಾಕೌಟ್ ಹಂತದ ಜೋಡಿಗಳು ಲೀಗ್ ಸ್ಥಾನದ ಮೇಲೆಯೇ ಕಟ್ಟಿದವು. ಒಂದು ಮತ್ತು ಎರಡನೇ ಸ್ಥಾನದವರು ಪಟ್ಟಿಯ ಬೇರೆ ಬೇರೆ ಅರ್ಧದಲ್ಲಿರುತ್ತಾರೆ, ಹಾಗಾಗಿ ಬಯರ್ನ್ ನಮಗೆ ಸಿಕ್ಕರೆ ಫೈನಲ್‌ನಲ್ಲೇ ಸಿಗಬೇಕು. ಹದಿನಾರರ ಘಟ್ಟದಲ್ಲಿ ಈ ಇಬ್ಬರಿಗೆ ಎದುರಾಗುವುದು 15ರಿಂದ 18ನೇ ಸ್ಥಾನದ ನಡುವೆ ಪ್ಲೇಆಫ್ ಗೆದ್ದು ಬಂದವರು. ಈ ಸಲ ಆ ನಾಲ್ಕು ಸ್ಥಾನದಲ್ಲಿರುವುದು ಅಟಲಾಂಟಾ, ಲೆವರ್ಕುಸೆನ್, ಡಾರ್ಟ್‌ಮಂಡ್ ಮತ್ತು ಒಲಿಂಪಿಯಾಕೊಸ್. ಕಷ್ಟದ ತಂಡಗಳೇ, ಆದರೂ ನಮ್ಮ ಕೈಮೀರಿದವಲ್ಲ.

ಕ್ವಾರ್ಟರ್‌ಫೈನಲ್‌ನಲ್ಲಿ ಮೊದಲೆರಡು ಸ್ಥಾನದವರ ಭಾಗಕ್ಕೆ ಬಂದು ಸೇರುವುದು 7 ಮತ್ತು 8ನೇ ಸ್ಥಾನದವರ ಭಾಗ. ಅಲ್ಲಿ ಏಳನೆಯವರಾಗಿ ಸ್ಪೋರ್ಟಿಂಗ್, ಎಂಟನೆಯವರಾಗಿ ಮ್ಯಾಂಚೆಸ್ಟರ್ ಸಿಟಿ ಇದ್ದಾರೆ. ಅವರ ಎದುರಾಳಿಗಳಾಗಿ ಬರುವವರು 9, 10, 23 ಮತ್ತು 24ನೇ ಸ್ಥಾನದವರ ಪೈಕಿ. ಅಂದರೆ ರಿಯಲ್ ಮ್ಯಾಡ್ರಿಡ್, ಇಂಟರ್ ಮಿಲಾನ್, ಬೋಡೋ ಗ್ಲಿಮ್ಟ್, ಬೆನ್ಫಿಕಾ. ಎಂಟು ಪಂದ್ಯ ಗೆದ್ದು ಬಂದ ತಂಡಕ್ಕೆ ಎಂಟರ ಘಟ್ಟದಲ್ಲಿ ಸಿಟಿಯೋ ಮ್ಯಾಡ್ರಿಡ್ಡೋ ಇಂಟರೋ ಸಿಗುವ ಸಾಧ್ಯತೆ ತೆರೆದೇ ಇದೆ. ಮ್ಯಾಡ್ರಿಡ್ ಏಳೋ ಎಂಟೋ ಆಗಿದ್ದರೂ ಈ ಭಾಗದಲ್ಲೇ ಇರುತ್ತಿತ್ತು. ಐದನೆಯದೋ ಆರನೆಯದೋ ಆಗಿದ್ದರೆ ಇನ್ನೊಂದು ಕಡೆ ಹೋಗುತ್ತಿತ್ತು. ದೊಡ್ಡ ತಂಡ ಎಡವಿದರೆ ಹೊಸ ಪದ್ಧತಿಯಲ್ಲಿ ಅದು ಮೇಲಿನವರ ದಾರಿಗೇ ಬಂದು ನಿಲ್ಲುತ್ತದೆ.

ಇದು ಬರೀ ಊಹೆಯ ಮಾತಲ್ಲ. ಹೋದ ವರ್ಷ 21 ಅಂಕದೊಂದಿಗೆ ಮೊದಲ ಸ್ಥಾನ ಪಡೆದದ್ದು ಲಿವರ್‌ಪೂಲ್. ಅದರ ಪಾಲಿಗೆ ಬಂದದ್ದು 15ನೇ ಸ್ಥಾನದ, ಪ್ಯಾರಿಸ್‌ನ ಕ್ಲಬ್ ಪಿಎಸ್‌ಜಿ. ಪ್ಯಾರಿಸ್‌ನಲ್ಲಿ 1-0 ಗೆದ್ದು ಬಂದ ಲಿವರ್‌ಪೂಲ್ ತನ್ನ ತವರು ಆನ್‌ಫೀಲ್ಡ್‌ನಲ್ಲಿ ಅದೇ ಅಂತರದಿಂದ ಸೋತು, ಪೆನಾಲ್ಟಿ ಶೂಟೌಟ್‌ನಲ್ಲಿ ಹೊರಬಿತ್ತು. ಅದೇ ಪಿಎಸ್‌ಜಿ ಮುಂದೆ ನಮ್ಮನ್ನೂ ದಾಟಿ, ಮ್ಯೂನಿಕ್‌ನ ಫೈನಲ್‌ನಲ್ಲಿ ಇಂಟರನ್ನು 5-0ರಿಂದ ಸೋಲಿಸಿ ಕಪ್ ಎತ್ತಿತು. ಮೂರನೇ ಸ್ಥಾನದ ನಮಗೆ ಸಿಕ್ಕಿದ್ದು ನೆದರ್ಲೆಂಡ್ಸ್‌ನ ಪಿಎಸ್‌ವಿ; ಅವರ ಊರಲ್ಲೇ 7-1ರಿಂದ ಗೆದ್ದೆವು. ಹಾಗೆ ನೋಡಿದರೆ ಮೂರನೇ ಸ್ಥಾನವೇ ಮೊದಲನೆಯದಕ್ಕಿಂತ ವಾಸಿ ಆಗಿತ್ತು.

ಹಳೆಯ ಪದ್ಧತಿಯ ಕಾಲದಲ್ಲೂ ಆರ್ಸೆನಲ್ ಅಭಿಮಾನಿಗೆ ಇದರ ನೋವು ಗೊತ್ತಿತ್ತು. 2011ರಿಂದ 2017ರವರೆಗೆ ಸತತ ಏಳು ವರ್ಷ ನಾವು ಹದಿನಾರರ ಘಟ್ಟದಲ್ಲೇ ಹೊರಬಿದ್ದೆವು. ಗುಂಪಿನಲ್ಲಿ ಎರಡನೆಯವರಾಗುತ್ತೇವೆ, ಅದಕ್ಕೇ ಬಾರ್ಸಿಲೋನಾ, ಬಯರ್ನ್ ಸಿಗುತ್ತಾರೆ ಅಂತ ಆಗ ಎಲ್ಲರ ದೂರು. 2016-17ರಲ್ಲಿ ಪಿಎಸ್‌ಜಿ ಇದ್ದ ಗುಂಪಿನಲ್ಲಿ ಮೊದಲನೆಯವರೇ ಆದೆವು. ಸಿಕ್ಕಿದ್ದು ಮತ್ತೆ ಬಯರ್ನ್, ಎರಡು ಪಂದ್ಯ ಸೇರಿ 10-2. ಅದಾದ ಮೇಲೆ ಆರು ವರ್ಷ ಚಾಂಪಿಯನ್ಸ್ ಲೀಗ್‌ನ ಮುಖವನ್ನೇ ನೋಡಲಿಲ್ಲ.

ಎರಡನೇ ಲೆಗ್‌ನ ನಿಯಮ ಮತ್ತು ಅದರ ಒಳಸುಳಿ

ಹೋದ ವರ್ಷ ದೊಡ್ಡ ತಕರಾರು ಎದ್ದಿದ್ದು ಈ ವಿಷಯಕ್ಕೆ. ಮೂರನೇ ಸ್ಥಾನದ ಆರ್ಸೆನಲ್ ಕ್ವಾರ್ಟರ್‌ಫೈನಲ್‌ನ ಎರಡನೇ ಪಂದ್ಯವನ್ನು 11ನೇ ಸ್ಥಾನದ ಮ್ಯಾಡ್ರಿಡ್‌ನ ಮೈದಾನದಲ್ಲೂ, ಸೆಮಿಫೈನಲ್‌ನ ಎರಡನೇ ಪಂದ್ಯವನ್ನು 15ನೇ ಸ್ಥಾನದ ಪಿಎಸ್‌ಜಿಯ ಮೈದಾನದಲ್ಲೂ ಆಡಬೇಕಾಯಿತು. ಹದಿನಾರರ ಘಟ್ಟದಲ್ಲಿ ಮಾತ್ರ ಮೇಲಿನವರಿಗೆ ತವರಿನ ಎರಡನೇ ಲೆಗ್ ಖಾತ್ರಿಯಿತ್ತು. ಅದರ ಮುಂದಿನದ್ದೆಲ್ಲ ಚೀಟಿ ಎತ್ತುವುದರಲ್ಲಿ ತೀರ್ಮಾನವಾಗುತ್ತಿತ್ತು.

ಈ ವರ್ಷದಿಂದ ಯುರೋಪ್‌ನ ಫುಟ್‌ಬಾಲ್ ಒಕ್ಕೂಟ ಯುಇಎಫ್‌ಎ ನಿಯಮ ತಿದ್ದಿದೆ. ಮೊದಲ ನಾಲ್ಕು ಸ್ಥಾನದವರಿಗೆ ಕ್ವಾರ್ಟರ್‌ಫೈನಲ್‌ನ, ಮೊದಲ ಎರಡು ಸ್ಥಾನದವರಿಗೆ ಸೆಮಿಫೈನಲ್‌ನ ಎರಡನೇ ಲೆಗ್ ತವರಿನಲ್ಲಿ. ಇದಕ್ಕೊಂದು ಷರತ್ತಿದೆ, ಬಹಳ ಜನ ಗಮನಿಸಿದಂತಿಲ್ಲ. ಮೇಲಿನ ಸ್ಥಾನದವರನ್ನು ಯಾರು ಸೋಲಿಸುತ್ತಾರೋ ಆ ಅನುಕೂಲ ಅವರಿಗೆ ಹೋಗುತ್ತದೆ. ಹಾಗಾಗಿ ಈ ನಿಯಮ ಹೋದ ವರ್ಷವೇ ಇದ್ದಿದ್ದರೂ ಮ್ಯಾಡ್ರಿಡ್ ವಿರುದ್ಧದ ಎರಡನೇ ಪಂದ್ಯ ಲಂಡನ್‌ಗೆ ಬರುತ್ತಿತ್ತೇ ಹೊರತು ಪಿಎಸ್‌ಜಿಯದ್ದು ಬರುತ್ತಿರಲಿಲ್ಲ. ಮೊದಲ ಸ್ಥಾನದ ಲಿವರ್‌ಪೂಲನ್ನು ಸೋಲಿಸಿದ ಪಿಎಸ್‌ಜಿ ಆ ಹಕ್ಕನ್ನೂ ಜೊತೆಗೇ ಹೊತ್ತು ಬರುತ್ತಿತ್ತು. ನಮಗೆ ಅನ್ಯಾಯವಾಯಿತು ಅನ್ನುವ ವಾದ ಸೆಮಿಫೈನಲ್‌ನ ಮಟ್ಟಿಗೆ ನಿಲ್ಲುವುದಿಲ್ಲ.

ತವರಿನ ಎರಡನೇ ಪಂದ್ಯಕ್ಕೆ ಎಷ್ಟು ಬೆಲೆ? ಎದುರಾಳಿಯ ಊರಲ್ಲಿ ಹೊಡೆದ ಗೋಲಿಗೆ ಹೆಚ್ಚಿನ ಮಹತ್ವ ಕೊಡುತ್ತಿದ್ದ ನಿಯಮ 2021ರಲ್ಲಿ ಹೋದ ಮೇಲೆ ಲೆಕ್ಕ ಬದಲಾಗಿದೆ. ಮುಂಚೆ ತವರಿನಲ್ಲಿ ಒಂದು ಗೋಲು ಬಿಟ್ಟುಕೊಟ್ಟರೆ ಎದೆ ಒಡೆಯುತ್ತಿತ್ತು. ಈಗ ಒಂದು ಗೋಲು ಅಂದರೆ ಒಂದೇ ಗೋಲು. ಉಳಿದಿರುವ ಲಾಭ ಹೆಚ್ಚುವರಿ 30 ನಿಮಿಷ ಮತ್ತು ಪೆನಾಲ್ಟಿ ಶೂಟೌಟ್ ನಮ್ಮವರ ಕೂಗಿನ ನಡುವೆ ನಡೆಯುತ್ತದೆ ಅನ್ನುವುದು. 2024ರ ಮಾರ್ಚ್‌ನಲ್ಲಿ ಪೋರ್ಟೊ ವಿರುದ್ಧ ಅದು ಕೈಹಿಡಿಯಿತು: ಅಲ್ಲಿ ಕೊನೆಯ ಗಳಿಗೆಯಲ್ಲಿ 1-0 ಸೋತು, ಇಲ್ಲಿ 1-0 ಗೆದ್ದು, ಶೂಟೌಟ್‌ನಲ್ಲಿ ನಮ್ಮ ಗೋಲ್‌ಕೀಪರ್ ಡೇವಿಡ್ ರಾಯಾ ಎರಡು ಒದೆತ ತಡೆದರು. ಆನ್‌ಫೀಲ್ಡ್‌ನಲ್ಲಿ ಲಿವರ್‌ಪೂಲ್‌ನ ಕೈಹಿಡಿಯಲಿಲ್ಲ. ಇದೊಂದು ಅನುಕೂಲ ನಿಜ, ಗೆಲುವಿನ ಭರವಸೆಯಲ್ಲ.

ಮ್ಯಾಡ್ರಿಡ್‌ನಲ್ಲಿ ಕೂಡಿಬಂದದ್ದು, ಪ್ಯಾರಿಸ್‌ನಲ್ಲಿ ಕೈಕೊಟ್ಟದ್ದು

ಹೋದ ವರ್ಷದ ಓಟದಲ್ಲಿ ಕಲಿಯುವುದು ಬೇಕಾದಷ್ಟಿದೆ. 2025ರ ಏಪ್ರಿಲ್ 8ರಂದು ಎಮಿರೇಟ್ಸ್‌ನಲ್ಲಿ ಮ್ಯಾಡ್ರಿಡ್ ವಿರುದ್ಧ 58ನೇ ನಿಮಿಷದವರೆಗೆ ಗೋಲಿರಲಿಲ್ಲ. ಆಗ ಬಲಭಾಗದಿಂದ ಫ್ರೀ ಕಿಕ್ ಸಿಕ್ಕಿತು. ಅದು ಸಾಮಾನ್ಯವಾಗಿ ಒಳಕ್ಕೆ ಕ್ರಾಸ್ ಮಾಡುವ ದೂರ. ಡೆಕ್ಲನ್ ರೈಸ್ ಚೆಂಡನ್ನು ಎದುರಾಳಿ ಆಟಗಾರರ ಗೋಡೆಯ ಹೊರಬದಿಯಿಂದ ತಿರುಗಿಸಿ ನೇರ ಗೋಲಿಗೇ ಒದ್ದರು. ಮ್ಯಾಡ್ರಿಡ್ ಗೋಲ್‌ಕೀಪರ್ ಕುರ್ಟ್ವಾ ನಿಲ್ಲಿಸಿದ್ದ ಗೋಡೆ ಆ ಹೊರದಾರಿಯನ್ನು ಮುಚ್ಚಿರಲಿಲ್ಲ. 70ನೇ ನಿಮಿಷದಲ್ಲಿ ಇನ್ನೊಂದು ಫ್ರೀ ಕಿಕ್. ಈ ಸಲ ಮೇಲಿನ ಮೂಲೆಗೆ. ಚಾಂಪಿಯನ್ಸ್ ಲೀಗ್‌ನ ನಾಕೌಟ್ ಪಂದ್ಯವೊಂದರಲ್ಲಿ ನೇರ ಫ್ರೀ ಕಿಕ್‌ನಿಂದ ಎರಡು ಗೋಲು ಹೊಡೆದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. 75ಕ್ಕೆ ಮೆರಿನೊ ಮೂರನೆಯದನ್ನು ಸೇರಿಸಿದರು. ಮ್ಯಾಡ್ರಿಡ್‌ನ ಮೈದಾನ ಬರ್ನಬಾವ್‌ನಲ್ಲಿ ಬುಕಾಯೊ ಸಾಕಾ ಶುರುವಿನಲ್ಲೇ ಪೆನಾಲ್ಟಿ ಕಳೆದರೂ ಆಮೇಲೆ ಗೋಲು ಹೊಡೆದರು, 90 ನಿಮಿಷ ದಾಟಿದ ಮೇಲೆ ಮಾರ್ಟಿನೆಲ್ಲಿ ಇನ್ನೊಂದು. 2-1. ಒಟ್ಟು 5-1.

ಆ ರಾತ್ರಿಯೇ ಮುಂದಿನ ಸೋಲಿನ ಒಂದು ಬೀಜ ಬಿದ್ದಿತ್ತು. ಬರ್ನಬಾವ್‌ನಲ್ಲಿ ನಮ್ಮ ಮಿಡ್‌ಫೀಲ್ಡರ್ ಥಾಮಸ್ ಪಾರ್ಟೆಗೆ ಹಳದಿ ಕಾರ್ಡ್ ಬಿತ್ತು. ಲೀಗ್ ಹಂತದಿಂದ ಎಣಿಸಿದರೆ ಅದು ಮೂರನೆಯದು, ಮೂರಕ್ಕೆ ಒಂದು ಪಂದ್ಯದ ನಿಷೇಧ. ಕ್ವಾರ್ಟರ್‌ಫೈನಲ್ ಮುಗಿದ ಕೂಡಲೇ ಒಂದೋ ಎರಡೋ ಕಾರ್ಡ್ ಇರುವವರ ಲೆಕ್ಕ ಅಳಿಸಿಹೋಗುತ್ತದೆ. ಆದರೆ ಅದೇ ಪಂದ್ಯದಲ್ಲಿ ಮೂರನೆಯದು ಬಿದ್ದರೆ ನಿಷೇಧ ಸೆಮಿಫೈನಲ್‌ಗೆ ದಾಟುತ್ತದೆ. ಮೊದಲ ಪಂದ್ಯ 3-0 ಗೆದ್ದಿದ್ದ ತಂಡಕ್ಕೆ ಆ ಕಾರ್ಡ್ ಬಹಳ ದುಬಾರಿಯಾಯಿತು.

ಸೆಮಿಫೈನಲ್‌ನ ಮೊದಲ ಪಂದ್ಯ, ಏಪ್ರಿಲ್ 29. ಪಾರ್ಟೆ ಇಲ್ಲದ ಕಾರಣ ರೈಸ್ ಹಿಂದಕ್ಕೆ ಇಳಿಯಬೇಕಾಯಿತು, ಮುಂದೆ ಆಡುತ್ತಿದ್ದ ಮೆರಿನೊ ಮಧ್ಯಕ್ಕೆ ಬರಬೇಕಾಯಿತು, ಸ್ಟ್ರೈಕರ್ ಜಾಗದಲ್ಲಿ ಟ್ರೊಸಾರ್ ನಿಂತರು. ಒಬ್ಬನ ಗೈರಿನಿಂದ ಮೂರು ಜಾಗ ಕದಲಿದವು. ನಾಲ್ಕೇ ನಿಮಿಷಕ್ಕೆ ಅದರ ಬೆಲೆ ಗೊತ್ತಾಯಿತು. ಪಿಎಸ್‌ಜಿಯ ಡೆಂಬೆಲೆ ಸ್ಟ್ರೈಕರ್ ಜಾಗ ಬಿಟ್ಟು ಮೈದಾನದ ನಡುವಿಗೆ ಇಳಿದು ಬಂದು ಚೆಂಡು ಪಡೆದರು. ನಮ್ಮ ರಕ್ಷಣಾ ಆಟಗಾರ ಸಲಿಬಾ ಅವರ ಹಿಂದೆ ಅಷ್ಟು ದೂರ ಹೋಗುವಂತಿಲ್ಲ. ಮಿಡ್‌ಫೀಲ್ಡ್‌ನಲ್ಲಿ ಯಾರೂ ಅವರನ್ನು ಹಿಡಿಯಲಿಲ್ಲ. ಚೆಂಡನ್ನು ಎಡಕ್ಕೆ ಕ್ವರಾತ್‌ಸ್ಖೆಲಿಯಾಗೆ ಕೊಟ್ಟ ಡೆಂಬೆಲೆ ನಿಲ್ಲದೆ ಓಡಿದರು. ಎಡ ಅಂಚಿನಿಂದ ನುಗ್ಗಿದ ಕ್ವರಾತ್‌ಸ್ಖೆಲಿಯಾ ಚೆಂಡನ್ನು ಹಿಂದಕ್ಕೆ ಎಳೆದು ಕೊಟ್ಟಾಗ ಬಾಕ್ಸಿನ ಬಳಿ ಡೆಂಬೆಲೆ ಒಬ್ಬರೇ ಇದ್ದರು. ಒಂದೇ ಸ್ಪರ್ಶ, ಕಂಬಕ್ಕೆ ತಾಗಿ ಒಳಗೆ. ಆ ಪಂದ್ಯದಲ್ಲಿ ಮತ್ತೆ ಗೋಲಾಗಲಿಲ್ಲ. ವಿರಾಮದ ನಂತರ ಮೆರಿನೊ ತಲೆಯಿಂದ ಹೊಡೆದದ್ದನ್ನು ಆಫ್‌ಸೈಡ್ ಎಂದು ತೆಗೆದುಹಾಕಿದರು. ಮಾರ್ಟಿನೆಲ್ಲಿ, ಟ್ರೊಸಾರ್ ಇಬ್ಬರ ಒದೆತಗಳನ್ನೂ ಪಿಎಸ್‌ಜಿ ಗೋಲ್‌ಕೀಪರ್ ಡೊನ್ನಾರುಮ್ಮಾ ತಡೆದರು.

ಮೇ 7ರಂದು ಪ್ಯಾರಿಸ್‌ನಲ್ಲಿ ನಮ್ಮ ಶುರು ಬಲವಾಗಿಯೇ ಇತ್ತು. ಮೊದಲ ಹತ್ತು ನಿಮಿಷದೊಳಗೆ ರೈಸ್‌ರ ಹೆಡರ್ ಸ್ವಲ್ಪದರಲ್ಲಿ ತಪ್ಪಿತು; ಮಾರ್ಟಿನೆಲ್ಲಿ ಮತ್ತು ಓಡೆಗಾರ್ಡ್‌ರ ಒದೆತಗಳಿಗೆ ಮತ್ತೆ ಡೊನ್ನಾರುಮ್ಮಾ ಅಡ್ಡ ಬಂದರು. 27ಕ್ಕೆ ಫ್ಯಾಬಿಯನ್ ರುಯಿಜ್ ಗೋಲು ಹೊಡೆದರು. ವಿಟಿನ್ಯಾರ ಪೆನಾಲ್ಟಿಯನ್ನು ರಾಯಾ ತಡೆದರೂ 72ಕ್ಕೆ ಹಕಿಮಿ ಎರಡನೆಯದನ್ನು ಹೊಡೆದರು. 76ಕ್ಕೆ ಸಾಕಾ ಒಂದು ವಾಪಸು ತಂದು, ಸ್ವಲ್ಪ ಹೊತ್ತಿನಲ್ಲೇ ಗೋಲಿನ ಬಾಯಿಯಿಂದ ಚೆಂಡನ್ನು ಗೋಲಿನ ಅಡ್ಡಕಂಬದ ಮೇಲಿಂದ ಹೊರಕ್ಕೆ ಹಾರಿಸಿದರು. ಒಟ್ಟು 3-1.

ಡೊನ್ನಾರುಮ್ಮಾ ಅಡ್ಡ ನಿಂತರು, ಇಲ್ಲದಿದ್ದರೆ ಗೆಲ್ಲುತ್ತಿದ್ದೆವು ಅನ್ನುವುದು ಸುಲಭದ ಸಮಾಧಾನ. ಎರಡು ಪಂದ್ಯದಲ್ಲೂ ನಮ್ಮಲ್ಲಿ ಕಸುಬಿನ ಸ್ಟ್ರೈಕರ್ ಒಬ್ಬರೂ ಇರಲಿಲ್ಲ. ಜನವರಿಯಲ್ಲಿ ಗ್ಯಾಬ್ರಿಯೆಲ್ ಜೆಸುಸ್‌ರ ಮೊಣಕಾಲು ಹೋಗಿತ್ತು. ಫೆಬ್ರವರಿಯಲ್ಲಿ ದುಬೈ ಶಿಬಿರದಲ್ಲಿ ಕಾಯ್ ಹಾವರ್ಟ್ಜ್‌ರ ತೊಡೆಯ ಹಿಂಭಾಗದ ಸ್ನಾಯು ಹರಿಯಿತು. ಏಪ್ರಿಲ್ ಮೊದಲ ದಿನವೇ ರಕ್ಷಣೆಯ ಕಂಬ ಗ್ಯಾಬ್ರಿಯೆಲ್‌ಗೂ ಅದೇ ಗತಿ. ಸಾಕಾ ಅದೇ ಬಗೆಯ ಗಾಯದಿಂದ ಮೂರು ತಿಂಗಳ ಮೇಲೆ ಹೊರಗಿದ್ದು ಅಂದೇ ಮರಳಿದ್ದರು. ಗ್ಯಾಬ್ರಿಯೆಲ್ ಇಲ್ಲದಿದ್ದರೆ ರಕ್ಷಣೆ ಮಾತ್ರ ಸಡಿಲವಾಗುವುದಿಲ್ಲ, ನಮ್ಮ ಕಾರ್ನರ್‌ಗಳ ಅರ್ಧ ಶಕ್ತಿಯೂ ಹೋಗುತ್ತದೆ. ಬಲಗಡೆಯಿಂದ ಎಡಗಾಲಿನ ಸಾಕಾ, ಎಡಗಡೆಯಿಂದ ಬಲಗಾಲಿನ ರೈಸ್ ಚೆಂಡನ್ನು ಗೋಲಿನ ಕಡೆಗೇ ಬಾಗುವಂತೆ ಹಾಕುತ್ತಾರೆ. ಐದಾರು ಜನ ದೂರದ ಕಂಬದ ಆಚೆ ಗುಂಪಾಗಿ ನಿಂತು ಒಟ್ಟಿಗೇ ಒಳನುಗ್ಗುತ್ತಾರೆ. ಒಬ್ಬ ಗೋಲ್‌ಕೀಪರ್‌ನ ಮುಂದೆ ನಿಂತು ಅವನು ಹೊರಬರುವ ದಾರಿ ಕಟ್ಟುತ್ತಾನೆ. ಆ ಗದ್ದಲದಲ್ಲಿ ಎಲ್ಲರಿಗಿಂತ ಎತ್ತರಕ್ಕೆ ಎಗರಬೇಕಾದವನು ಗ್ಯಾಬ್ರಿಯೆಲ್. ಸೆಟ್‌ಪೀಸ್ (ಕಾರ್ನರ್, ಫ್ರೀ ಕಿಕ್‌ಗಳ) ತರಬೇತುದಾರ ನಿಕೊಲಾ ಜೋವರ್ ಹೆಣೆದ ಈ ಯಂತ್ರದ ಮುಖ್ಯ ಭಾಗವೇ ಪಿಎಸ್‌ಜಿ ಎದುರು ಇರಲಿಲ್ಲ.

ಅಂದರೆ ನಾವು ಸೋತದ್ದು ಏಪ್ರಿಲ್, ಮೇ ತಿಂಗಳಲ್ಲಾದರೂ ಸೋಲು ತಯಾರಾದದ್ದು ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ, ದಣಿದ ಕಾಲುಗಳಲ್ಲಿ.

ಈ ವರ್ಷದ ಬೆಂಚು

2025ರ ಬೇಸಿಗೆಯಲ್ಲಿ ಕ್ಲಬ್ ಮಾಡಿದ ಖರೀದಿಯನ್ನು ಈ ಕಣ್ಣಿನಿಂದ ನೋಡಬೇಕು. ಗ್ಯೋಕೆರೆಸ್, ಸುಬಿಮೆಂಡಿ, ಎಜೆ, ಮಡುವೆಕೆ, ಮೊಸ್ಕೆರಾ, ನೋರ್ಗಾರ್ಡ್, ಎರಡನೇ ಗೋಲ್‌ಕೀಪರ್ ಆಗಿ ಕೆಪಾ, ಎರವಲಾಗಿ ಹಿಂಕಾಪಿಯೆ. ಮುಖ್ಯ ಕೋಚ್ ಮಿಕೆಲ್ ಆರ್ಟೆಟಾ ಕಟ್ಟಿದ್ದು ಹೊಸ ಹನ್ನೊಂದನ್ನಲ್ಲ. ಒಂದೊಂದು ಜಾಗಕ್ಕೂ ಎರಡನೇ ಆಳನ್ನು.

ಫಲ ಮೊದಲ ಪಂದ್ಯದಲ್ಲೇ ಕಂಡಿತು. ಬಿಲ್ಬಾವೊದಲ್ಲಿ ಅಥ್ಲೆಟಿಕ್ ಕ್ಲಬ್ ವಿರುದ್ಧ 70 ನಿಮಿಷ ದಾಟಿದರೂ ಗೋಲಿರಲಿಲ್ಲ. ಬೆಂಚಿನಿಂದ ಇಳಿದ ಮಾರ್ಟಿನೆಲ್ಲಿ ಒಂದು ನಿಮಿಷವೂ ಆಗುವ ಮುಂಚೆ ಗೋಲು ಹೊಡೆದರು. ಎರಡನೆಯದನ್ನು ಹೊಡೆದ ಟ್ರೊಸಾರ್ ಕೂಡ ಬೆಂಚಿನಿಂದ ಬಂದವರೇ. ಬಯರ್ನ್ ವಿರುದ್ಧ 1-1 ಆಗಿದ್ದಾಗ ಗೆಲುವು ತಂದ ಎರಡು ಗೋಲು ಮಡುವೆಕೆ ಮತ್ತು ಮಾರ್ಟಿನೆಲ್ಲಿಯವು, ಇಬ್ಬರೂ ಬದಲಿಯಾಗಿ ಇಳಿದವರು. ಸ್ಯಾನ್ ಸಿರೊದಲ್ಲಿ ಇಂಟರ್ ವಿರುದ್ಧ ಗಾಯದಿಂದ ಮರಳಿದ ಜೆಸುಸ್ ಎರಡು ಗೋಲು ಹೊಡೆದರು, ಕೊನೆಯಲ್ಲಿ ಇಳಿದ ಗ್ಯೋಕೆರೆಸ್ ಮೂರನೆಯದನ್ನು. ಹೋದ ವರ್ಷ ಪ್ಯಾರಿಸ್‌ನಲ್ಲಿ ಬೆಂಚಿನ ಕಡೆ ತಿರುಗಿದರೆ ಹೀಗೆ ಪಂದ್ಯ ತಿರುಗಿಸುವವರು ಇರಲಿಲ್ಲ. ಐದು ಬದಲಾವಣೆಗೆ ಅವಕಾಶ ಇರುವ ಆಟದಲ್ಲಿ ಕೊನೆಯ 25 ನಿಮಿಷ ಬಹುತೇಕ ಬೇರೆಯೇ ತಂಡಗಳ ನಡುವಿನ ಪಂದ್ಯ. ಆರ್ಸೆನಲ್ ಈ ವರ್ಷ ಅದನ್ನು ಗೆಲ್ಲುತ್ತಿದೆ.

ಹುಳುಕು ಎಲ್ಲಿದೆ? ಬಿಟ್ಟುಕೊಟ್ಟ ನಾಲ್ಕು ಗೋಲಿನಲ್ಲಿ ಎರಡು ಕಜಕಸ್ತಾನದ ಕೈರಾತ್ ಹೊಡೆದದ್ದು, 3-2ರ ಕೊನೆಯ ಪಂದ್ಯದಲ್ಲಿ. ಅಷ್ಟರಲ್ಲಿ ಮೊದಲ ಎಂಟರಲ್ಲಿ ಸ್ಥಾನ ಖಾತ್ರಿಯಾಗಿತ್ತು, ತಂಡದಲ್ಲಿ ಬದಲಾವಣೆಗಳೂ ಬಹಳ. ಅದಕ್ಕಿಂತ ಗಮನಿಸಬೇಕಾದದ್ದು ಬಯರ್ನ್‌ನ ಗೋಲು. ಕಿಮ್ಮಿಶ್ ಹಿಂದಿನಿಂದ ಉದ್ದಕ್ಕೆ ಎತ್ತಿ ಹಾಕಿದ ಚೆಂಡು ನಮ್ಮ ರಕ್ಷಣೆಯ ಬೆನ್ನಿಗೆ ಬಿತ್ತು. ಗ್ನಾಬ್ರಿ ಒಂದೇ ಸ್ಪರ್ಶದಲ್ಲಿ ಅಡ್ಡಕ್ಕೆ ಕೊಟ್ಟರು. ಹದಿನೇಳರ ಹುಡುಗ ಲೆನ್ನಾರ್ಟ್ ಕಾರ್ಲ್ ಗೋಲು ಹೊಡೆದ. ನಮ್ಮ ರಕ್ಷಣಾ ಸಾಲು ಮೈದಾನದ ಮಧ್ಯದ ಹತ್ತಿರ ನಿಂತು ಆಡುತ್ತದೆ. ಎದುರಾಳಿಯ ಪಾಸ್ ಕೊಡುವವನಿಗೆ ತಲೆ ಎತ್ತಿ ನೋಡಲು ಎರಡು ಸೆಕೆಂಡ್ ಸಿಕ್ಕರೆ ಬೆನ್ನ ಹಿಂದೆ 40 ಮೀಟರ್ ಖಾಲಿ. ಡೆಂಬೆಲೆಯ ಗೋಲು ಸಾಲಿನ ಮುಂದಿನ ಖಾಲಿ ಜಾಗದಿಂದ ಬಂತು, ಕಾರ್ಲ್‌ನದ್ದು ಹಿಂದಿನ ಖಾಲಿ ಜಾಗದಿಂದ. ಎರಡಕ್ಕೂ ಮೂಲ ಒಂದೇ: ಚೆಂಡು ಇದ್ದವನ ಮೇಲೆ ಆ ಕ್ಷಣ ಒತ್ತಡ ಇರಲಿಲ್ಲ. ಒತ್ತಡ ಹಾಕುವುದು ಕಾಲಿನ ಕೆಲಸ, ದಣಿದ ಕಾಲಿನಿಂದ ಆಗುವ ಕೆಲಸವಲ್ಲ.

ಹಾಗಾಗಿ ಫೆಬ್ರವರಿಗೆ ಇಷ್ಟು ಮಹತ್ವ. 9ರಿಂದ 24ರ ಸ್ಥಾನದವರು ಫೆಬ್ರವರಿ 17-18 ಮತ್ತು 24-25ರಂದು ಪ್ಲೇಆಫ್ ಆಡುತ್ತಾರೆ. ಆ ಎರಡು ವಾರ ನಡುವಾರದ ಯುರೋಪ್ ಪಯಣ ನಮಗಿಲ್ಲ. ಹಾಗಂತ ಪೂರ್ತಿ ಬಿಡುವೂ ಅಲ್ಲ. ಪ್ರೀಮಿಯರ್ ಲೀಗ್ ಪ್ರಶಸ್ತಿಯ ಹೋರಾಟ ಇದೆ, ಎಫ್‌ಎ ಕಪ್ ಇದೆ, ಮಾರ್ಚ್ 22ಕ್ಕೆ ವೆಂಬ್ಲಿಯಲ್ಲಿ ಲೀಗ್ ಕಪ್ ಫೈನಲ್ ಇದೆ. ಹದಿನಾರರ ಘಟ್ಟದ ಎರಡನೇ ಪಂದ್ಯ ಮಾರ್ಚ್ 17 ಅಥವಾ 18ಕ್ಕೆ. ಅಂದರೆ ಒಂದೇ ವಾರದಲ್ಲಿ ಎರಡು ದೊಡ್ಡ ಪಂದ್ಯ. ಎಫ್‌ಎ ಕಪ್‌ನಲ್ಲಿ ಗ್ಯಾಬ್ರಿಯೆಲ್, ಸಲಿಬಾ, ಸಾಕಾ, ರೈಸ್ ನಾಲ್ವರನ್ನೂ ಕೂರಿಸಿ ಮೊಸ್ಕೆರಾ, ಹಿಂಕಾಪಿಯೆ, ಮಡುವೆಕೆ, ನೋರ್ಗಾರ್ಡ್‌ರನ್ನು ಆಡಿಸಬೇಕು. ಅಲ್ಲಿ ಸೋತರೂ ಅದು ತಾಳಬಹುದಾದ ಸೋಲು. ಆರ್ಟೆಟಾ ನಂಬಿದ ಆಟಗಾರರನ್ನು ಬಿಡದೆ ಆಡಿಸುವ ಸ್ವಭಾವದವರು; ಹೋದ ವರ್ಷದ ಗಾಯಗಳಲ್ಲಿ ಅದರ ಪಾಲೂ ಇತ್ತು ಅನ್ನುವುದು ನನ್ನ ಬಲವಾದ ಅಭಿಪ್ರಾಯ.

ಹಣದ ಮಾತು ಬೇಗ ಮುಗಿಸೋಣ. ಪಾಲ್ಗೊಳ್ಳುವುದಕ್ಕೇ ಪ್ರತಿ ಕ್ಲಬ್‌ಗೆ 1.86 ಕೋಟಿ ಯೂರೊ, ಗೆಲುವೊಂದಕ್ಕೆ 21 ಲಕ್ಷ ಯೂರೊ. ಎಂಟು ಗೆಲುವಿಗೆ 1.68 ಕೋಟಿ. ಹದಿನಾರರ ಘಟ್ಟಕ್ಕೆ 1.1 ಕೋಟಿ, ಕ್ವಾರ್ಟರ್‌ಫೈನಲ್‌ಗೆ 1.25 ಕೋಟಿ, ಸೆಮಿಫೈನಲ್‌ಗೆ 1.5 ಕೋಟಿ. ಎರಡನೇ ಆಳಿಗಾಗಿ ಸುರಿದ ದುಡ್ಡು ಹೀಗೆ ಮರಳುತ್ತಿದೆ.

ನಮ್ಮ ಕಡೆ ನೋಡುವವರಿಗೆ ಸಮಯದ ಲೆಕ್ಕ: ಪಂದ್ಯಗಳು ಸೋನಿ ಸ್ಪೋರ್ಟ್ಸ್ ಮತ್ತು ಸೋನಿ ಲಿವ್‌ನಲ್ಲಿ ಬರುತ್ತವೆ. ಮಾರ್ಚ್ ಪಂದ್ಯಗಳು ಯುರೋಪಿನ ರಾತ್ರಿ 9ಕ್ಕೆ ಇದ್ದರೆ ನಮಗೆ ನಡುರಾತ್ರಿ ದಾಟಿ 1.30. ಮಾರ್ಚ್ 29ಕ್ಕೆ ಅಲ್ಲಿ ಗಡಿಯಾರ ಒಂದು ತಾಸು ಮುಂದೆ ಹೋಗುವುದರಿಂದ ಏಪ್ರಿಲ್‌ನ ಕ್ವಾರ್ಟರ್‌ಫೈನಲ್ ಮತ್ತು ಆಮೇಲಿನ ಸೆಮಿಫೈನಲ್ 12.30ಕ್ಕೆ. ಪತ್ರಿಕೆಯಲ್ಲಿ ಮಾರ್ಚ್ 17 ಅಂತ ಇದ್ದರೆ ಇಲ್ಲಿ ಎದ್ದಿರಬೇಕಾದದ್ದು 17 ಮುಗಿದು 18 ಶುರುವಾದ ರಾತ್ರಿ. ಮೇ 30ರ ಫೈನಲ್ ಮಾತ್ರ ಈ ಸಲ ಬೇಗ, ಅಲ್ಲಿಯ ಸಂಜೆ 6ಕ್ಕೆ, ನಮಗೆ ರಾತ್ರಿ 9.30ಕ್ಕೆ.

ಆರ್ಸೆನಲ್ ಯುರೋಪ್‌ನಲ್ಲಿ ಕೊನೆಯ ಬಾರಿ ಕಪ್ ಎತ್ತಿದ್ದು 1994ರಲ್ಲಿ, ಕೋಪನ್‌ಹೇಗನ್‌ನಲ್ಲಿ ಪಾರ್ಮಾವನ್ನು ಅಲನ್ ಸ್ಮಿತ್‌ರ ಒಂದೇ ಗೋಲಿನಿಂದ ಸೋಲಿಸಿ ಗೆದ್ದ ಕಪ್ ವಿನ್ನರ್ಸ್ ಕಪ್. ಆಮೇಲೆ 1995ರಲ್ಲಿ ಜರಗೋಜಾ, 2000ದಲ್ಲಿ ಗಲಾಟಸರಾಯ್, 2006ರಲ್ಲಿ ಬಾರ್ಸಿಲೋನಾ, 2019ರಲ್ಲಿ ಚೆಲ್ಸಿ. ನಾಲ್ಕು ಫೈನಲ್, ನಾಲ್ಕೂ ಸೋಲು. 2006ರಲ್ಲಿ ಗೋಲ್‌ಕೀಪರ್ ಲೇಮನ್ 18ನೇ ನಿಮಿಷಕ್ಕೇ ಕೆಂಪು ಕಾರ್ಡ್ ಪಡೆದು ಹೊರಹೋದ ಮೇಲೂ ಹತ್ತೇ ಜನರ ನಮ್ಮ ತಂಡ ಮುನ್ನಡೆ ಪಡೆದು, 76ನೇ ನಿಮಿಷದವರೆಗೆ ಕಾಪಾಡಿಕೊಂಡಿತ್ತು. ಆ ತಂಡಕ್ಕಿಂತ ಈಗಿನದು ಪ್ರತಿಭೆಯಲ್ಲಿ ಮೇಲು ಅಂತ ಹೇಳಲಾರೆ. ಆಳುಗಳ ಎಣಿಕೆಯಲ್ಲಿ ಖಂಡಿತ ಮೇಲು.

ಮಾರ್ಚ್‌ನ ಮೊದಲ ಲೆಗ್ ಎದುರಾಳಿಯ ಊರಲ್ಲಿ ನಡೆಯುವಾಗ ಮೂರು ವಿಷಯ ನೋಡಿ. ಮೊದಲ 20 ನಿಮಿಷ ಎದುರಾಳಿಯ ಸ್ಟ್ರೈಕರ್ ಹಿಂದಕ್ಕೆ ಇಳಿದಾಗ ಸುಬಿಮೆಂಡಿ ಅವನ ಜೊತೆ ಹೋಗುತ್ತಾರೋ ಇಲ್ಲವೋ. ಲೀಗ್ ಹಂತದಿಂದಲೇ ಎರಡು ಹಳದಿ ಕಾರ್ಡ್ ಹೊತ್ತವರು ಯಾರು, ಪಂದ್ಯ ಕೈಗೆ ಬಂದ ಮೇಲೂ ಅವರನ್ನು ಮೈದಾನದಲ್ಲೇ ಬಿಟ್ಟಿದ್ದಾರೋ. ಮತ್ತೆ, 65ನೇ ನಿಮಿಷದ ಹೊತ್ತಿಗೆ ಗೆರೆಯ ಆಚೆ ಮೈ ಬಿಸಿಮಾಡಿಕೊಳ್ಳುತ್ತಿರುವವರು ಯಾರು. ಮಾರ್ಟಿನೆಲ್ಲಿ, ಎಜೆ, ಹಾವರ್ಟ್ಜ್, ಜೆಸುಸ್ ಈ ನಾಲ್ವರಲ್ಲಿ ಮೂವರು ಅಲ್ಲಿದ್ದರೆ, ಅಂಕಫಲಕದಲ್ಲಿ 0-0 ಇದ್ದರೂ ಆ ಪಂದ್ಯ ನಮ್ಮ ಕಡೆ ವಾಲಿದೆ ಅಂತಲೇ ಲೆಕ್ಕ.